ಮಗಳು ನಿದ್ದೆಯಲ್ಲಿ ನಡೆದ ವರ್ಷ

ನನಗೆ ಹೆದರಿಕೆ ಎಂಬುದೇ ಇಲ್ಲ ಎಂದು ಊರಿನಲ್ಲಿ ಹೇಳುತ್ತಿದ್ದರು. ಅದರಲ್ಲಿ ಅರ್ಧ ಹೊಗಳಿಕೆ, ಅರ್ಧ ಬೈಗುಳ. ಹೆಣ್ಣುಮಗಳು ಕತ್ತಲಲ್ಲಿ ಒಬ್ಬಳೇ ಬಾವಿಕಟ್ಟೆಗೆ ಹೋಗಿ ಬಂದರೆ ಆಗಿನ ಕಾಲದಲ್ಲಿ ಬೈಗುಳವೇ ಜಾಸ್ತಿ. ಉಡುಪಿಯ ಹತ್ತಿರದ ಆ ಊರಿನಿಂದ ಮದುವೆಯಾಗಿ ಮುಂಬಯಿಗೆ ಬಂದು, ಮಾಟುಂಗದ ಚಾಳಿನ ಮೂರನೇ ಮಾಳಿಗೆಯ ಒಂದೇ ಒಂದು ಖೋಲಿಯಲ್ಲಿ ಸಂಸಾರ ಹೂಡಿದಾಗಲೂ ನಾನು ಹೆದರಿದವಳಲ್ಲ. ಹೆದರಿಕೆ ಎಂದರೆ ಏನು, ಅದು ಹೊಟ್ಟೆಯ ಯಾವ ಮೂಲೆಯಲ್ಲಿ ಕೂತುಕೊಳ್ಳುತ್ತದೆ ಎಂದು ನನಗೆ ಕಲಿಸಿದವಳು ಇನ್ನೂ ಐದು ತುಂಬದ ನನ್ನ ಮಗಳು. ಐವತ್ತರ ದಶಕದ ನಡುವಿನ ಮಾತು. ಆಗ ನಮ್ಮ ಕಡೆ ಇನ್ನೂ ಟ್ರಾಮ್ ಓಡುತ್ತಿತ್ತು.

ಮೊದಲು ನಮ್ಮ ಮನೆಯ ಹೊತ್ತುಗೊತ್ತಿನ ವಿಷಯ ಹೇಳಬೇಕು. ಗಡಿಯಾರವೇನೋ ಗೋಡೆಯ ಮೇಲಿತ್ತು, ಆದರೆ ನಾವು ನಡೆಯುತ್ತಿದ್ದದ್ದು ಹೋಟೆಲಿನ ಹೊತ್ತಿನ ಪ್ರಕಾರ. ಇವರು, ಎಂದರೆ ನನ್ನ ಗಂಡ, ಎರಡು ಗಲ್ಲಿ ಆಚೆ ಟ್ರಾಮ್ ರಸ್ತೆ ದಾಟಿದರೆ ಸಿಗುವ ಉಡುಪಿ ಹೋಟೆಲೊಂದರ ಅಡುಗೆಮನೆಯಲ್ಲಿದ್ದರು. ಬೆಳಿಗ್ಗೆ ಐದಕ್ಕೆ ಹೋಗಿ ಇಡ್ಲಿ ಇಳಿಸಬೇಕು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಮೂರರಿಂದ ನಾಲ್ಕರವರೆಗೆ ಅಲ್ಲೇ ಅಕ್ಕಿ ಮೂಟೆಗಳ ಮೇಲೆ ಒಂದು ನಿದ್ದೆ. ಮತ್ತೆ ಸಂಜೆಯ ಕೆಲಸ. ರಾತ್ರಿ ಒಂಬತ್ತಕ್ಕೆ ಮರುದಿನದ ಹಿಟ್ಟು ರುಬ್ಬಲು ಕಲ್ಲಿನ ಮುಂದೆ ಕೂತರೆ ಏಳುವುದು ಹನ್ನೊಂದಕ್ಕೆ. ಮನೆಗೆ ಬರುವಾಗ ಹನ್ನೊಂದೂವರೆ ದಾಟುತ್ತಿತ್ತು.

ಆ ಹನ್ನೊಂದೂವರೆಯೇ ನಮ್ಮ ಮನೆಗೆ ಸಂಜೆ. ಮಗಳನ್ನು ನಾನು ಆರು ಗಂಟೆಗೆ ಮಲಗಿಸಿ, ಹತ್ತೂವರೆಗೆ ಎಬ್ಬಿಸಿ, ಮುಖ ತೊಳೆಸಿ, ಜಡೆ ಹಾಕಿ ಕೂರಿಸುತ್ತಿದ್ದೆ, ಅಪ್ಪನನ್ನು ನೋಡಬೇಕಲ್ಲ. ಇವರು ಬಾಳೆಲೆಯಲ್ಲಿ ಕಟ್ಟಿದ ಶೀರಾ ತರುತ್ತಿದ್ದರು, ಜೊತೆಗೆ ಒಂದು ತಂಬಿಗೆಯ ತುಂಬ ಹೋಟೆಲಿನ ಕಾಫಿ. ಮೂವರೂ ಕೂತು ಅದನ್ನು ಕುಡಿಯುತ್ತಿದ್ದೆವು. ಮೂವರೂ ಎಂದರೆ ಮಗಳೂ. ಅವಳಿಗೊಂದು ಪುಟ್ಟ ಲೋಟವಿತ್ತು. ಹೋಟೆಲಿನವರ ಮಗು ಕಾಫಿ ಕುಡಿಯುತ್ತದೆ, ಅದರಲ್ಲೇನು ವಿಶೇಷ ಎಂದು ನಾವು ತಿಳಿದಿದ್ದೆವು. ಆಮೇಲೆ ಅಪ್ಪ ಮಗಳು ಒಂದು ಗಂಟೆಯವರೆಗೆ ಆಟ, ನಗು. ಪಕ್ಕದ ಖೋಲಿಯವರು ಗೋಡೆ ಬಡಿದರೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದರು. ನಾನು ಅದನ್ನು ನೋಡುತ್ತ ಕೂರುತ್ತಿದ್ದೆ, ಖುಷಿಯಲ್ಲಿ ಬೀಗುತ್ತಿದ್ದೆ. ನಮ್ಮಷ್ಟು ಸುಖವಾಗಿ ಈ ಚಾಳಿನಲ್ಲಿ ಇನ್ನಾರಿದ್ದಾರೆ ಎಂದು ನನ್ನ ಲೆಕ್ಕ.

ಮೇ ತಿಂಗಳ ಒಂದು ರಾತ್ರಿ ನನಗೆ ಎಚ್ಚರವಾಯಿತು. ಪಕ್ಕ ಸವರಿದರೆ ಹಾಸಿಗೆ ಖಾಲಿ, ಆದರೆ ಬೆಚ್ಚಗಿತ್ತು. ಸೆಕೆಗೆ ಎಲ್ಲರ ಹಾಗೆ ನಾವೂ ಬಾಗಿಲು ತೆರೆದೇ ಮಲಗುತ್ತಿದ್ದೆವು. ಎದ್ದು ಹೊರಗೆ ಬಂದರೆ ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ಕಟಕಟೆಯ ಹತ್ತಿರ ಮಗಳು ನಿಂತಿದ್ದಾಳೆ. ಗಲ್ಲವನ್ನು ಕಟಕಟೆಯ ಮೇಲಿಟ್ಟು ಕೆಳಗಿನ ಅಂಗಳ ನೋಡುತ್ತಿದ್ದಾಳೆ. ಮೂರು ಮಾಳಿಗೆ ಕೆಳಗೆ ಬರೀ ಕಲ್ಲು ಚಪ್ಪಡಿ.

"ಎಂತ ಮಾಡ್ತಾ ಇದ್ದಿ ಇಲ್ಲಿ?" ಎಂದೆ. ಭುಜ ಹಿಡಿದು ತಿರುಗಿಸಿದೆ. ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು, ಆದರೆ ಅದರಲ್ಲಿ ನನ್ನ ಗುರುತಿರಲಿಲ್ಲ. ಹೆತ್ತ ಮಗು ನನ್ನ ಮುಖವನ್ನು ಗೋಡೆ ನೋಡಿದ ಹಾಗೆ ನೋಡಿತು. ನಾನು ಕಿರುಚಿಬಿಟ್ಟೆ. ಅದಕ್ಕೆ ಅವಳೂ ಬೆಚ್ಚಿ ಕಿರುಚಿ ನನ್ನನ್ನು ತಳ್ಳಿ ಓಡಲು ನೋಡಿದಳು. ಹತ್ತು ನಿಮಿಷ ಬಿಟ್ಟು ಏನೂ ಆಗದವಳಂತೆ ಮಲಗಿದಳು. ಬೆಳಿಗ್ಗೆ ಕೇಳಿದರೆ ಅವಳಿಗೆ ಏನೂ ನೆನಪಿಲ್ಲ.

ಇವರು ನಕ್ಕುಬಿಟ್ಟರು. "ಮಗು ಸೆಕೆಗೆ ಎದ್ದು ಹೊರಗೆ ಬಂದದ್ದು ಮಾರಾಯ್ತಿ. ಅದಕ್ಕೆ ಇಷ್ಟು ದೊಡ್ಡ ಕತೆ ಎಂತದ್ದು?"

ವಾರದೊಳಗೆ ಮತ್ತೆರಡು ಸಲ ಎದ್ದು ಹೋದಳು. ಒಮ್ಮೆ ಮೆಟ್ಟಿಲ ತನಕ, ಒಮ್ಮೆ ಗ್ಯಾಲರಿಯ ಕೊನೆಯ ನಲ್ಲಿಯ ತನಕ. ಇವರ ನಗು ನಿಂತಿತು. ನಾವು ಬಾಗಿಲು ಹಾಕಿ ಮಲಗತೊಡಗಿದೆವು. ಚಿಲಕ ಇದ್ದದ್ದು ಅವಳ ಎದೆಯ ಮಟ್ಟದಲ್ಲಿ, ನಿದ್ದೆಯಲ್ಲಿಯೇ ತೆಗೆದುಕೊಂಡು ಹೋದಳು. ಆಮೇಲೆ ನನಗೆ ನಿದ್ದೆ ಎಂಬುದೇ ಹೊರಟುಹೋಯಿತು. ಅವಳು ಮಗ್ಗುಲಾದರೆ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಕಣ್ಣು ಮುಚ್ಚಿದರೆ ಆ ಕಲ್ಲು ಚಪ್ಪಡಿ ಕಾಣುತ್ತಿತ್ತು. ಅದರ ಮೇಲೆ ಏನು ಕಾಣುತ್ತಿತ್ತು ಎಂದು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಪಕ್ಕದ ಖೋಲಿಯಲ್ಲಿ ಧಾರವಾಡದವರೊಬ್ಬರಿದ್ದರು. ಗಂಡನಿಗೆ ರೈಲ್ವೆ ಆಫೀಸಿನಲ್ಲಿ ಕೆಲಸ. ಆಕೆ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಬಾಯಿ ಜೋರು, ಮನಸ್ಸು ಒಳ್ಳೆಯದು, ಎಲ್ಲದಕ್ಕೂ ಮೂಗು ತೂರಿಸುವ ಚಾಳಿ. ನನ್ನ ಕಣ್ಣ ಕೆಳಗಿನ ಕಪ್ಪು ನೋಡಿ ನನ್ನಿಂದ ವಿಷಯ ಹೊರಗೆಳೆದರು. ಮಗುವಿಗೆ ಯಂತ್ರ ಕಟ್ಟಿಸಿ ಆಗಿತ್ತು, ದೃಷ್ಟಿ ತೆಗೆದು ಆಗಿತ್ತು, ಗುಡಿಯ ಕುಂಕುಮ ತಂದು ಹಚ್ಚಿ ಆಗಿತ್ತು ಎಂದೆ.

"ಅದೆಲ್ಲಾ ಇರ್ಲಿ ಬಿಡ್ರಿ," ಎಂದರು. "ನಿದ್ದ್ಯಾಗ ನಡೀತಾಳ ಅಂದ್ರ ನಿದ್ದೀನ ಮಾಡಸಬ್ಯಾಡ್ರಿ. ಆಕಿ ಏಳೂ ಹೊತ್ತು ಎಷ್ಟು?"

"ಎರಡರ ಸುಮಾರಿಗೆ."

"ಹಂಗಾರ ಆ ಹೊತ್ತು ದಾಟಿಸಿಬಿಡ್ರಿ. ಎರಡೂವರಿ ಆದಮ್ಯಾಲೆ ಮಲಗಸ್ರಿ. ಏನ್ ಬರೂದಿದ್ರೂ ಬಂದು, ಕೂಸು ಎಚ್ಚರ ಐತಿ ಅಂತ ನೋಡಿ ಹಿಂದಕ್ಕ ಹೋಗ್ತೈತಿ."

ನನಗೆ ಅದು ಎಷ್ಟು ಸರಿ ಕಂಡಿತೆಂದರೆ, ಇದು ನನಗೇ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ಎಚ್ಚರ ಇರಿಸುವುದು ನಮಗೇನು ಕಷ್ಟ? ಮನೆಗೆ ದಿನಾ ಬರುವ ಕಾಫಿ ಇತ್ತಲ್ಲ. ಆ ರಾತ್ರಿಯಿಂದ ಮಗಳ ಲೋಟ ದೊಡ್ಡದಾಯಿತು. ಇವರು ಒಂದು ಗಂಟೆಗೆ ಸೋತು ಮಲಗಿದ ಮೇಲೂ ನಾನು ಅವಳನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದೆ. ತೂಕಡಿಸಿದರೆ ಕಣ್ಣಿಗೆ ನೀರು ಹಚ್ಚುತ್ತಿದ್ದೆ. "ಅಮ್ಮ, ನಂಗೆ ಮಲಗ್ಬೇಕು," ಎಂದು ಅಳುತ್ತಿತ್ತು ಮಗು. "ಇನ್ನು ಸ್ವಲ್ಪ ಹೊತ್ತು ಬಂಗಾರ," ಎನ್ನುತ್ತಿದ್ದೆ. ಆ ಮಗುವನ್ನು ಹಾಗೆ ಗೋಳು ಹೊಯ್ದವಳು ನಾನೇ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ.

ಐದನೆಯ ದಿನ ಎರಡೂವರೆಗೆ ಮಲಗಿಸಿದೆ. ನಾನೂ ಬಿದ್ದುಕೊಂಡೆ. ಮರ ಉಜ್ಜುವ ಸದ್ದಿಗೆ ಎಚ್ಚರವಾಯಿತು. ಬಾಗಿಲು ತೆರೆದಿತ್ತು. ಮಗಳು ಊಟದ ಮಣೆಯನ್ನು ಎಳೆದುಕೊಂಡು ಹೋಗಿ ಕಟಕಟೆಗೆ ಒರಗಿಸಿ ನಿಲ್ಲಿಸಿ, ಅದರ ಅಂಚಿನ ಮೇಲೆ ಹತ್ತಿದ್ದಳು. ಹೊಟ್ಟೆಯವರೆಗೆ ಮೈ ಕಟಕಟೆಯ ಆಚೆಗೆ ಬಾಗಿತ್ತು. ನಾನು ಎದ್ದು ನಿಲ್ಲುವಷ್ಟರಲ್ಲಿ ಇವರು ನನ್ನನ್ನು ದಾಟಿಕೊಂಡು ಹಾರಿ ಅವಳ ಲಂಗ ಹಿಡಿದು ಎಳೆದರು. ಇಬ್ಬರೂ ಹಿಂದಕ್ಕೆ ಬಿದ್ದರು. ಮಣೆ ಆಚೆ ಈಚೆ ಓಲಾಡಿ ಗ್ಯಾಲರಿಯ ನೆಲಕ್ಕೆ ಬಿತ್ತು. ಆ ರಾತ್ರಿ ಉಳಿದ ಹೊತ್ತು ನಾವಿಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಕೂತೆವು. ಇವರು ಒಂದೇ ಮಾತು ಹೇಳಿದರು. "ನಾಳೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗು."

ಡಾಕ್ಟರಮ್ಮ ಕೆನರಾ ಕಡೆಯವರೇ, ಮನೆಮಾತು ಕೊಂಕಣಿ, ಕನ್ನಡ ಚೆನ್ನಾಗಿ ಬರುತ್ತಿತ್ತು. ಮಗುವನ್ನು ಎರಡು ನಿಮಿಷ ನೋಡಿದರು, ಅರ್ಧ ಗಂಟೆ ನನ್ನನ್ನು ಪ್ರಶ್ನೆ ಕೇಳಿದರು. ಎಷ್ಟಕ್ಕೆ ಮಲಗುತ್ತಾಳೆ, ಯಾರು ಎಬ್ಬಿಸುತ್ತಾರೆ, ಹಗಲು ಎಷ್ಟು ನಿದ್ದೆ. ನನಗೆ ಸಿಟ್ಟು ಬಂತು. ಔಷಧಿ ಕೊಡಿ ಎಂದರೆ ಮನೆಯ ಸುದ್ದಿ ಕೇಳುತ್ತಾರಲ್ಲ ಎಂದು.

"ಮಗುವಿಗೆ ಕಾಫಿ ಕೊಡ್ತೀರಾ?"

"ಇಲ್ಲ," ಎಂದೆ. ಯಾಕೆ ಹಾಗೆಂದೆನೋ. ಆಕೆಯ ಮುಖ ನೋಡಿದರೆ ತಪ್ಪು ಮಾಡಿದ್ದೇನೆ ಎಂದು ಗೊತ್ತಾಗಿಹೋಗಿತ್ತು, ತಪ್ಪು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ.

ಆಕೆ ಒತ್ತಾಯ ಮಾಡಲಿಲ್ಲ. "ಬಾಗಿಲಿಗೆ ಮೇಲೆ, ನಿಮ್ಮ ಕೈಗೆ ಮಾತ್ರ ಸಿಗುವ ಹಾಗೆ, ಇನ್ನೊಂದು ಚಿಲಕ ಇವತ್ತೇ ಹಾಕಿಸಿ," ಎಂದರು. "ಎದ್ದು ನಡೆದ್ರೆ ಕೂಗ್ಬೇಡಿ, ಅಲುಗಾಡಿಸ್ಬೇಡಿ. ಕೈ ಹಿಡಿದು ಮೆಲ್ಲ ಹಾಸಿಗೆಗೆ ತನ್ನಿ. ದೆವ್ವ ಭೂತ ಅಂತ ಅವಳ ಎದುರು ಯಾರೂ ಮಾತಾಡ್ಲಿಕ್ಕಿಲ್ಲ. ಮತ್ತೆ ಮನೆಯ ಕ್ಯಾಲೆಂಡರಿನಲ್ಲಿ ದಿನಾ ಬರೀರಿ. ಎಷ್ಟಕ್ಕೆ ಮಲಗಿದ್ಲು, ಏನು ತಿಂದ್ಲು, ಏನು ಕುಡಿದ್ಲು, ಎದ್ಲೋ ಇಲ್ವೋ. ನನಗೋಸ್ಕರ ಅಲ್ಲ, ನಿಮಗೋಸ್ಕರ. ಹತ್ತು ದಿನ ಬಿಟ್ಟು ಇಬ್ಬರೂ ಬನ್ನಿ."

ಚಿಲಕ ಅವತ್ತೇ ಹಾಕಿಸಿದೆವು. ರಾತ್ರಿ ಅವಳು ಎದ್ದು ಬಾಗಿಲಿನ ಹತ್ತಿರ ಹೋಗಿ ಹಲಗೆ ಸವರುತ್ತ ನಿಲ್ಲುವುದನ್ನು ನೋಡುವಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೂಗದೆ ಇರುವುದು ಎಷ್ಟು ಕಷ್ಟ ಎಂದು ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಹಲ್ಲು ಕಚ್ಚಿಕೊಂಡು ಕೈ ಹಿಡಿದು ತಂದು ಮಲಗಿಸುತ್ತಿದ್ದೆ. ಬೆಳಿಗ್ಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಡಾಕ್ಟರಿಗೆ ಸುಳ್ಳು ಹೇಳಿದವಳಿಗೆ ಕ್ಯಾಲೆಂಡರಿಗೆ ಸುಳ್ಳು ಬರೆಯಲು ಯಾಕೋ ಕೈ ಬರಲಿಲ್ಲ. ಕಾಫಿ ಎಂದು ಬರೆದೆ. ಒಂದೂವರೆ ಎಂದು ಬರೆದೆ. ಹತ್ತು ದಿನದ ಮೇಲೆ ಆ ಚೌಕಗಳನ್ನು ನೋಡಿದರೆ ಚಿಕ್ಕ ಮಕ್ಕಳಿಗೂ ತಿಳಿಯುವಂತಿತ್ತು. ಎರಡು ದಿನ ಇವರಿಗೆ ಜ್ವರ ಬಂದು ಸಂಜೆಯೇ ಮನೆಗೆ ಬಂದು ಮಲಗಿದ್ದರು. ಹಾಗಾಗಿ ಮಗಳೂ ಒಂಬತ್ತಕ್ಕೇ ಮಲಗಿದ್ದಳು, ಕಾಫಿಯೂ ಇರಲಿಲ್ಲ. ಆ ಎರಡೇ ದಿನ ಅವಳು ಎದ್ದಿರಲಿಲ್ಲ.

ನಾನು ಆ ಹಾಳೆಯನ್ನು ಹರಿದು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ, ತಲೆ ಎತ್ತಲಿಲ್ಲ. ಆಕೆ ಓದಿದರು. ಸುಳ್ಳಿನ ಮಾತೆತ್ತಲಿಲ್ಲ. ಅದಕ್ಕಾಗಿ ನಾನು ಇವತ್ತಿಗೂ ಆಕೆಗೆ ಕೈ ಮುಗಿಯುತ್ತೇನೆ.

"ನಿದ್ದೆ ಸಾಲದ ಮಗು ಹೀಗೆ ಜಾಸ್ತಿ ನಡೆಯುದು," ಎಂದರು. "ನೀವು ಕಾಪಾಡ್ಲಿಕ್ಕೆ ಅಂತ ಎಚ್ಚರ ಇರಿಸಿದ್ದು. ಅದೇ ಅವಳನ್ನು ಎಬ್ಬಿಸಿದ್ದು. ಎಂಟು ಗಂಟೆಗೆ ಮಲಗ್ಬೇಕು ಇವಳು. ಇವತ್ತೇ ಅಲ್ಲ. ಮೊದಲ ವಾರ ಹನ್ನೊಂದು, ಆಮೇಲೆ ವಾರಕ್ಕೆ ಅರ್ಧ ಗಂಟೆ ಹಿಂದೆ ತನ್ನಿ, ಸಾಕು. ಸಂಜೆಯ ನಿದ್ದೆ ಬೇಡ. ಕಾಫಿ ಬೇಡ. ರಾತ್ರಿ ಎಬ್ಬಿಸುದು ಬೇಡ."

"ಹಾಗಾದ್ರೆ ನನ್ನ ಮಗಳನ್ನು ನಾನು ನೋಡುದು ಯಾವಾಗ ಡಾಕ್ಟ್ರೇ?" ಎಂದರು ಇವರು.

ಆಕೆ ಉಪದೇಶ ಮಾಡುತ್ತಾರೆ ಎಂದು ನಾನು ಕಾದೆ. ಆಕೆ ತಿರುಗಿ ಕೇಳಿದರು. "ನೀವೇ ಹೇಳಿ. ನಿಮ್ಮ ದಿನದಲ್ಲಿ ಯಾವ ಹೊತ್ತು ಉಂಟು?"

ಇವರು ಬೆರಳು ಮಡಚಿ ಹೊತ್ತು ಎಣಿಸಿದರು. "ಮೂರರಿಂದ ನಾಲ್ಕು. ಆಗ ನಾನು ಮಲಗುದು." ಡಾಕ್ಟರಮ್ಮ ಕ್ಯಾಲೆಂಡರಿನ ಹಾಳೆಯನ್ನು ಇವರ ಕಡೆ ಸರಿಸಿದರು. "ಬಿಡುವಾ," ಎಂದರು ಇವರು. "ನಾನು ಮನೆಗೆ ಬರ್ತೇನೆ."

ಹೇಳುವುದು ಸುಲಭ. ಮೊದಲ ವಾರ ಮಗಳು ಹನ್ನೊಂದಕ್ಕೆ ಮಲಗಲು ಒಪ್ಪದೆ ಕಾಲು ಬಡಿದು ಅತ್ತಳು, ಅಪ್ಪ ಬರಲಿ ಎಂದು. ಕಾಫಿಗೆ ಅತ್ತಳು. ಕಾಫಿ ತಪ್ಪಿದ್ದಕ್ಕೆ ತಲೆನೋವು ಬಂದು ಇನ್ನಷ್ಟು ಅತ್ತಳು. ನನಗೆ ಎರಡು ಬಾರಿಸುವಷ್ಟು ಸಿಟ್ಟು ಬರುತ್ತಿತ್ತು, ಒಂದು ದಿನ ಬಾರಿಸಿಯೂಬಿಟ್ಟೆ. ಆ ರಾತ್ರಿ ಅವಳು ಎದ್ದಳು. ಮರುದಿನದಿಂದ ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದೆ. ಮುಖ ತೊಳೆಸುವುದು, ಜಡೆ ಬಿಚ್ಚುವುದು, ದೇವರಿಗೆ ಕೈ ಮುಗಿಸುವುದು, ಬೆನ್ನು ತಟ್ಟುವುದು, ದೀಪ ಆರಿಸುವುದು. ದಿನಾ ಅದೇ, ಅದೇ ಸಾಲಿನಲ್ಲಿ. ವಾರ ಕಳೆದಂತೆ ಜಡೆ ಬಿಚ್ಚುವಾಗಲೇ ಅವಳಿಗೆ ಆಕಳಿಕೆ ಬರತೊಡಗಿತು.

ಧಾರವಾಡದವರು ಗ್ಯಾಲರಿಯಲ್ಲಿ ನಿಂತು ಛೇಡಿಸುತ್ತಿದ್ದರು. "ಇಷ್ಟ ಲಗೂ ದೀಪ ಆರಸ್ತೀರಲ್ರಿ, ಮನ್ಯಾಗ ಕೋಳಿ ಸಾಕೀರೇನ?" ಆದರೂ ಎಂಟಾದರೆ ಆಕೆಯ ಮನೆಯ ರೇಡಿಯೋ ಸಣ್ಣದಾಗುತ್ತಿತ್ತು.

ಇವರು ರಾತ್ರಿ ಬರುವಾಗ ಕೆಳಗಿನ ಮೆಟ್ಟಿಲಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತುತ್ತಿದ್ದರು. ಕತ್ತಲಲ್ಲೇ ಉಣ್ಣುತ್ತಿದ್ದರು. ಉಂಡ ಮೇಲೆ ಮಗಳ ಮುಖದ ಹತ್ತಿರ ಬಗ್ಗಿ ಕೂರುತ್ತಿದ್ದರು, ಮುಟ್ಟುತ್ತಿರಲಿಲ್ಲ. ಆದರೆ ಹಗಲು ಮೂರು ಗಂಟೆಗೆ ಮೆಟ್ಟಿಲಲ್ಲಿ ಅವರ ಹೆಜ್ಜೆ ಕೇಳಿದರೆ ಮಗಳು ಚಾಳೇ ಹಾರಿಹೋಗುವಂತೆ ಕೂಗುತ್ತಿದ್ದಳು. ಆ ಒಂದು ಗಂಟೆ ಇಬ್ಬರಿಗೂ ಬಂತು. ನಿದ್ದೆಯಿಲ್ಲದೆ ಇವರು ಬಡವಾದರು, ಆದರೂ ಒಂದು ದಿನ ತಪ್ಪಿಸಲಿಲ್ಲ. ವಾರಕ್ಕೆ ನಾಲ್ಕು ಸಲ ನಡೆಯುತ್ತಿದ್ದವಳು ಎರಡು ಸಲ ನಡೆದಳು, ಆಮೇಲೆ ಒಂದು ಸಲ. ಎಂಟು ಗಂಟೆಗೆ ಬಂದು ಮುಟ್ಟಿದ ಮೇಲೆ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಏನೂ ಬರೆಯುವ ಕೆಲಸ ಬೀಳಲಿಲ್ಲ. ನಾನು ಮತ್ತೆ ನಿದ್ದೆ ಮಾಡಲು ಕಲಿತೆ.

ಅಷ್ಟರಲ್ಲಿ ಅವಳನ್ನು ಶಾಲೆಗೆ ಸೇರಿಸಿದೆವು. ಹನ್ನೊಂದರಿಂದ ಐದರ ತನಕ ಶಾಲೆ. ಆ ಹೊತ್ತಿನ ಬಗ್ಗೆ ನಾವು ಯೋಚನೆಯನ್ನೇ ಮಾಡಿರಲಿಲ್ಲ. ಮೂರು ಗಂಟೆ ಶಾಲೆಗೆ ಹೋಯಿತು. ಮೊದಲ ದಿನ ಅಭ್ಯಾಸಬಲದಿಂದ ಇವರು ಮೂರಕ್ಕೆ ಬಂದು, ಖಾಲಿ ಖೋಲಿಯಲ್ಲಿ ನನ್ನ ಮುಖ ನೋಡಿ, ನೀರು ಕುಡಿದು ಹೋದರು. ಸಂಜೆ ಬಂದ ಮಗಳು, "ಅಪ್ಪ ಬಂದಿದ್ರಾ?" ಎಂದು ಕೇಳಿದಳು. ಐದು ದಿನ ಅವಳು ಅಪ್ಪನನ್ನು ನೋಡಲಿಲ್ಲ. ಒಂದೇ ಖೋಲಿಯಲ್ಲಿ ಮಲಗುವ ಅಪ್ಪನನ್ನು. ಅವಳು ಏಳುವ ಹೊತ್ತಿಗೆ ಇವರು ಹೋಗಿಯಾಗಿರುತ್ತಿತ್ತು.

ಆರನೆಯ ದಿನ ಸಂಜೆ ಶಾಲೆಯಿಂದ ಬಂದವಳು ಬಹಳ ದಣಿದಿದ್ದಳು, ಏಳೂವರೆಗೇ ಮಲಗಿದಳು. ಒಂಬತ್ತೂವರೆಗೆ ನಲ್ಲಿಯಲ್ಲಿ ನೀರು ಬಂತು ಎಂದು ಯಾರೋ ಕೂಗಿದರು. ಆ ದಿನ ಬೆಳಿಗ್ಗೆ ನೀರು ಬಂದಿರಲಿಲ್ಲ, ಕೊಡ ಖಾಲಿ. ಮೇಲಿನ ಚಿಲಕ ಒಳಗಿನದು. ನಾನು ಹೊರಗೆ ಹೋದರೆ ಅದನ್ನು ಹಾಕುವವರಿಲ್ಲ. ಮಗು ಒಳಗಿರುವಾಗ ಹೊರಗಿನಿಂದ ಕೊಂಡಿ ಹಾಕಲು ಮನಸ್ಸು ಬರಲಿಲ್ಲ. ಧಾರವಾಡದವರು ಗ್ಯಾಲರಿಯಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. "ಸ್ವಲ್ಪ ಬಾಗಿಲು ನೋಡ್ಕೊಳ್ಳಿ, ಎರಡು ಕೊಡ ತರ್ತೇನೆ," ಎಂದೆ. "ಹೋಗ್ ಬರ್ರಿ, ನಾ ಇಲ್ಲೇ ಅದೀನಿ," ಎಂದರು.

ನಲ್ಲಿಯ ಹತ್ತಿರ ಸಾಲಿತ್ತು, ಮೆಟ್ಟಿಲು ಅಲ್ಲಿಂದ ಕಾಣುತ್ತಿರಲಿಲ್ಲ. ಕೊಡ ಸೊಂಟಕ್ಕಿಟ್ಟು ಬಂದಾಗ ಹಾಸಿಗೆ ಖಾಲಿ.

ನಾನು ಮೊದಲು ಮಾಡಿದ್ದು ಕಟಕಟೆ ಹಿಡಿದು ಕೆಳಗೆ ನೋಡಿದ್ದು. ಅಂಗಳದಲ್ಲಿ ಇಬ್ಬರು ಗಂಡಸರು ಬೀಡಿ ಸೇದುತ್ತಿದ್ದರು. ಚಪ್ಪಡಿಯ ಮೇಲೆ ಏನೂ ಇರಲಿಲ್ಲ. ಆಮೇಲೆ ತಿರುಗಿ ಧಾರವಾಡದವರ ರಟ್ಟೆ ಹಿಡಿದೆ. "ಮಗು ಎಲ್ಲಿ?"

"ಈಗ ಹೋದ್ಲಲ್ರಿ," ಎಂದರು ಆಕೆ. "ಎಲ್ಲಿಗೆ ಹೊಂಟೀ ಅಂತ ಕೇಳಿದ್ನಿ. ಅಪ್ಪ ಅಂದ್ಲು. ಅಪ್ಪ ಕೆಳಗ ಬಂದಾನ ಅಂತ ತಿಳಕೊಂಡ್ನಿ."

"ನಿದ್ದೆಯಲ್ಲಿದ್ಲು ಅವಳು."

"ಕಣ್ಣು ತೆರೆದಿದ್ಲಲ್ರಿ," ಎಂದರು. ಹೇಳುತ್ತಲೇ ಆಕೆಗೂ ಗೊತ್ತಾಯಿತು. ಕೈ ಬಾಯಿಗೆ ಹೋಯಿತು.

ಅವಳು ಬೇಗ ಎದ್ದರೆ ಚಾಳೆಲ್ಲ ಎಚ್ಚರವಿರುತ್ತದೆ, ಹತ್ತು ಜನ ನೋಡುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಹತ್ತು ಜನ ನೋಡಿದ್ದರು. ಎರಡನೇ ಮಾಳಿಗೆಯವರು ಅವಳಿಗೆ ದಾರಿ ಬಿಟ್ಟಿದ್ದರು. ಅಂಗಳದ ಗಂಡಸರು ತಲೆ ಸವರಿ ಕಳಿಸಿದ್ದರು. ಗೇಟಿನ ಪಾನ್‌ವಾಲಾ ಮಾತ್ರ ದಿಕ್ಕು ತೋರಿಸಿದ. "ಬೇಬಿ ತೋ ಉಧರ್ ಗಯೀ, ಟ್ರಾಮ್ ಕೀ ತರಫ್."

ಟ್ರಾಮ್ ಎಂಬ ಮಾತು ಕೇಳಿದ ಮೇಲೆ ನಾನು ಹೇಗೆ ಓಡಿದೆ ಎಂದು ನನಗೆ ಗೊತ್ತಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಸೆರಗು ಎಲ್ಲಿತ್ತೋ. ದೇವರೇ, ಅವಳ ಕಾಲು ಹೋಗಲಿ, ಕೈ ಹೋಗಲಿ, ಜೀವ ಒಂದು ಉಳಿಸು ಎಂದು ಬೇಡುತ್ತ ಓಡಿದೆ. ಇಂಥ ಚೌಕಾಸಿಯನ್ನು ನಾನು ದೇವರ ಹತ್ತಿರ ಮಾಡಿದೆ. ಗಲ್ಲಿಯ ತಿರುವಿನಲ್ಲಿ ಟ್ರಾಮಿನ ಗಂಟೆ ಬಿಡದೆ ಬಡಿಯುವುದು ಕೇಳಿಸಿತು. ಗೋಡೆ ಹಿಡಿದು ನಿಂತೆ. ಮುಂದೆ ಹೋಗಿ ನೋಡುವ ಧೈರ್ಯ ಇರಲಿಲ್ಲ. ಟ್ರಾಮ್ ದಾಟಿ ಹೋಯಿತು.

ಟ್ರಾಮ್ ಹೋದ ಮೇಲೆ ರಸ್ತೆಯ ಆಚೆ ಅವರಿಬ್ಬರೂ ಕಂಡರು. ಇವರು ಹೋಟೆಲಿನಲ್ಲಿ ಉಡುವ ಮುಂಡು ಪಂಚೆಯಲ್ಲೇ ಇದ್ದರು, ಮೊಣಕೈವರೆಗೆ ಉದ್ದಿನ ಹಿಟ್ಟು. ಮಗಳು ಅವರ ಬೆರಳು ಹಿಡಿದು ನಿಂತಿದ್ದಳು, ಕಣ್ಣು ತೆರೆದುಕೊಂಡು. ಇವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಅವಳ ಪುಟ್ಟ ಹೆಜ್ಜೆಗೆ ತಮ್ಮ ಹೆಜ್ಜೆ ಹೊಂದಿಸಿ ರಸ್ತೆ ದಾಟಿದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅವರ ಹಿಂದೆ ನಡೆದೆ. ಅವಳು ನನ್ನ ಪಕ್ಕದಲ್ಲೇ ಹಾದುಹೋದಳು, ನನ್ನ ಕಡೆ ನೋಡಲಿಲ್ಲ.

ಚಾಳಿನ ತನಕ ಹಾಗೆಯೇ ನಡೆದೆವು. ಮೆಟ್ಟಿಲಲ್ಲಿ ನಿಂತಿದ್ದ ಜನ ಇವರ ಮುಖ ನೋಡಿ ಗೋಡೆಗೆ ಸರಿದರು. ಹಾಸಿಗೆಯ ಹತ್ತಿರ ಬಂದಾಗ ಅವಳಾಗಿಯೇ ಬೆರಳು ಬಿಟ್ಟು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಆಗ ಇವರು ನೆಲಕ್ಕೆ ಕೂತರು. ಕೈಯಿಂದ ಒಣಗಿದ ಹಿಟ್ಟು ಉದುರುತ್ತಿತ್ತು.

"ಮುಂದಿನ ಬಾಗಿಲಿನಿಂದಲೇ ಬಂದ್ಲು," ಎಂದರು ಮೆಲ್ಲಗೆ. "ಮೇಜುಗಳ ನಡುವೆ ಬಂದು ನನ್ನ ಕಲ್ಲಿನ ಮುಂದೆ ನಿಂತ್ಲು. ಐದು ದಿನ ಆಯ್ತಲ್ಲ ನೋಡದೆ. ಎತ್ತಿಕೊಳ್ವಾ ಅಂತ ಕೈ ಮುಂದೆ ಮಾಡಿದ್ದೆ. ಕಣ್ಣು ನೋಡಿದೆ. ನಾಲಿಗೆ ಕಚ್ಚಿಕೊಂಡೆ."

ಆಮೇಲೆ ಎದ್ದು ಹಿಟ್ಟು ಮುಗಿಸಲು ಹೋದರು, ಮರುದಿನ ಇಡ್ಲಿ ಆಗಬೇಕಲ್ಲ. ಧಾರವಾಡದವರು ನನ್ನ ಬಾಗಿಲಲ್ಲಿ ಅಳುತ್ತ ನಿಂತಿದ್ದರು. ಅವರನ್ನು ಬಾಯಿಗೆ ಬಂದಂತೆ ಬೈಯಬೇಕೆಂದು ಬಂದವಳು ಅವರ ಹೆಗಲಿಗೆ ತಲೆಯಿಟ್ಟು ನಾನೂ ಅತ್ತೆ. ಆ ರಾತ್ರಿ ಮಲಗಲಿಲ್ಲ. ಮಗಳ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ.

ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಇವರು ಹೊರಡುವಾಗ ಅವಳು ತಾನಾಗಿ ಎದ್ದು ಕೂತಳು. ಏಳೂವರೆಗೆ ಮಲಗಿದ ಮಗುವಿಗೆ ನಿದ್ದೆ ಮುಗಿದಿತ್ತು. ಅಪ್ಪನನ್ನು ಕಂಡು ಕಣ್ಣುಜ್ಜಿಕೊಂಡು ನೋಡಿದಳು. ಈ ಸಲ ಕಣ್ಣಿನಲ್ಲಿ ಗುರುತಿತ್ತು. ಓಡಿ ಬಂದು ಕಾಲು ತಬ್ಬಿಕೊಂಡಳು. "ಅಪ್ಪ, ನೀವು ಮನೆಗೇ ಬರುದಿಲ್ಲ. ನಾನೇ ಹೋಟ್ಲಿಗೆ ಬರ್ತಿದ್ದೆ," ಎಂದಳು. "ದಾರಿ ಗೊತ್ತಿಲ್ಲ ನಂಗೆ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇವರು ಅವಳನ್ನು ಎತ್ತಿ ಖೋಲಿಯ ಮೂಲೆಯ ಬಚ್ಚಲ ಮೋರಿಯ ಕಟ್ಟೆಯ ಮೇಲೆ ಕೂರಿಸಿದರು. ಅವಳ ಎರಡೂ ಅಂಗಾಲಿಗೆ ರಸ್ತೆಯ ಡಾಂಬರಿನ ಕಪ್ಪು ಹತ್ತಿತ್ತು.

"ಕಾಲು ಯಾಕೆ ಇಷ್ಟು ಕೊಳೆ?" ಎಂದು ಅವಳೇ ಕೇಳಿದಳು.

"ಆಟ ಆಡಿದ್ದಿಯಲ್ಲ," ಎಂದು ಇವರು ಚೊಂಬಿನಲ್ಲಿ ನೀರು ಹೊಯ್ದು ಉಜ್ಜತೊಡಗಿದರು. ಅವಳಿಗೆ ಕಚಗುಳಿಯಾಗಿ ನಗು ಬಂತು. ಇವರ ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ಅವಳಿಗೆ ಕಾಣಲಿಲ್ಲ. ಡಾಂಬರು ಬೇಗ ಬಿಡಲಿಲ್ಲ. ಐದು ಹೊಡೆಯಿತು, ಐದೂ ಕಾಲಾಯಿತು. ಹೋಟೆಲಿನಿಂದ ಕರೆಯಲು ಜನ ಬಂದರು. ಇವರು ತಲೆ ಎತ್ತಲಿಲ್ಲ, ಉಜ್ಜುತ್ತಲೇ ಇದ್ದರು.